ಪಡುಗೋಡೆಗೆ ಮಳೆಕೋಟು

ಹನಿ ಇಳಿಯಲಿಲ್ಲ. ಗೋಡೆಯ ಮೇಲೆ ಗುಂಡಗೆ ಕೂತು ಬೆಳಗಿನ ಬೆಳಕಿಗೆ ಮಿಣಮಿಣ ಹೊಳೆಯಿತು. ಅದರ ಪಕ್ಕ ಇನ್ನೊಂದು, ಇನ್ನೊಂದರ ಪಕ್ಕ ಮತ್ತೊಂದು.

"ಸೊಕ್ಕು ನೋಡಿದ್ರಾ ಇದರದ್ದು?" ಕರಣೆಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾನೇ ಸಾಕಿ ಬೆಳೆಸಿದ ಗೋಡೆ. ಈಗ ನನ್ನ ಕೈಯಿಂದಲೇ ಒಂದು ಗುಟುಕು ನೀರು ಬೇಡ ಅಂತಿದೆ!"

"ನೀರು ಒಳಗೆ ಹೋಗದಿದ್ರೆ ಒಳ್ಳೇದೇ ಅಲ್ವೇನೇ?" ಎಂದರು, ನೀರು ಚಿಮುಕಿಸುವ ಬಾಟಲಿ ಹಿಡಿದಿದ್ದ ಯಜಮಾನರು.

"ಮೂವತ್ತೆರಡು ವರ್ಷ ಗಾರೆ ಕೆಲಸದವಳ ಜೊತೆ ಸಂಸಾರ ಮಾಡಿ ಕಲಿತಿದ್ದು ಇಷ್ಟೇನಾ?"

"ನಾನು ಬಸ್ಸು ಓಡಿಸಿದೋನು ಕಣೇ. ಬಸ್ಸೊಳಗೆ ನೀರು ಬಂದ್ರೆ ಪ್ಯಾಸೆಂಜರು ನನ್ನೇ ಬೈತಿದ್ರು."

ಯಜಮಾನರಿಗೆ ನಿವೃತ್ತಿಯಾಗಿತ್ತು, ಅವರ ಬಾಯಿಗೆ ಆಗಿರಲಿಲ್ಲ. ಅದು ಹಾರನ್ನಿನ ಹಾಗೆ, ರಸ್ತೆ ಖಾಲಿಯಿದ್ದರೂ ಹೊಡೆದುಕೊಳ್ಳುತ್ತಲೇ ಇರಬೇಕು.

ಪಡುಗೋಡೆಗೆ, ಅಂದರೆ ಪಶ್ಚಿಮದ ಈ ಗೋಡೆಗೆ, ಯಾರೋ ಕದ್ದುಮುಚ್ಚಿ ಏನೋ ಬಳಿದಿದ್ದಾರೆ ಎಂದು ನಿನ್ನೆಯಷ್ಟೇ ಗೊತ್ತಾಗಿತ್ತು. ಯಾರು, ಏನು, ಯಾಕೆ, ಈ ಮೂರೂ ಶನಿವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಗೊತ್ತಾಗಬೇಕಿತ್ತು. ಇವತ್ತು ಗುರುವಾರ.

ಶನಿವಾರ ಹತ್ತಕ್ಕೆ ತಪಾಸಣೆಯ ಇಂಜಿನಿಯರು ಬರುತ್ತಾರೆ. ಅವರು ಎರಡೇ ನೋಡುವುದು. ಒಂದು, ಗೋಡೆಯೊಳಗಿನ ಹುಲ್ಲಿನ ತೇವ ಮೀಟರಿನಲ್ಲಿ ಇಪ್ಪತ್ತು ದಾಟಿರಬಾರದು. ಇನ್ನೊಂದು, ಗೋಡೆಗೆ ಬಿದ್ದ ಪ್ರತಿಯೊಂದು ಪದರವೂ ಏನು, ಬಳಿದವರು ಯಾರು ಎಂದು ಫಾರಂನಲ್ಲಿ ಬಳಿದವರದೇ ಸಹಿ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪಡುಗೋಡೆ ಕೆಡವಿ ಎನ್ನುತ್ತಾರೆ.

ಹಾಗೆಂದರೆ ಭಾನುವಾರದ ಮೊದಲ ಹಾಡು ಇಲ್ಲ. ಕರಣೆಯಕ್ಕನ ತಂಗಿ ನಲವತ್ತು ಜನರ ಮೇಳ ಕಟ್ಟಿಕೊಂಡು ಒಂಬತ್ತು ವರ್ಷ ಕಾರ್ ಶೆಡ್ಡಿನಲ್ಲಿ, ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ, ಒಮ್ಮೆ ಖಾಲಿ ಕೋಳಿಫಾರಂನಲ್ಲಿ ಕೂಡ ಹಾಡಿಸಿದ್ದಳು. ಈಗ ಅವರದೇ ಒಂದು ಹಾಡುಮನೆ ಎದ್ದಿತ್ತು. ಒತ್ತಿ ಕಟ್ಟಿದ ಹುಲ್ಲಿನ ಕಂತೆಗಳನ್ನು ಇಟ್ಟಿಗೆಯಂತೆ ಜೋಡಿಸಿ, ಒಳಗೂ ಹೊರಗೂ ಮೂರು ಪದರ ಸುಣ್ಣದ ಗಾರೆ ಮೆತ್ತಿ, ಮೇಲೆ ತಿಳಿಸುಣ್ಣ ಬಳಿದ ಮನೆ. ಒಳಗೆ ಒಂದು ಸ್ವರ ಹಾಡಿದರೆ ಎದೆಗೇ ಬಂದು ತಟ್ಟುವಷ್ಟು ಚೆಂದ. "ಈ ಗೋಡೆ ನಿಲ್ಲತ್ತೆ, ಇದು ನನ್ನ ಮಾತು" ಎಂದು ಕರಣೆಯಕ್ಕ ನಲವತ್ತು ಜನರ ಮುಂದೆ ಹೇಳಿಬಿಟ್ಟಿದ್ದಳು.

ಅಕ್ಕ ಮಾತು ಕೊಡುವುದು ಕಡಿಮೆ. ಕೊಟ್ಟರೆ ಗಾರೆ ಹಿಡಿದ ಹಾಗೆ ಹಿಡಿಯುತ್ತದೆ.

"ಏನಕ್ಕಾ, ಪತ್ತೆ ಆಯ್ತಾ ಕಳ್ಳ?" ಬೇಲಿಯ ಆಚೆಯಿಂದ ಉದ್ದನೆಯ ಕುತ್ತಿಗೆಯೊಂದು ಮೇಲೆದ್ದಿತು. ಬಣ್ಣದಂಗಡಿಯವನು. ಹುಲ್ಲಿನ ಗೋಡೆಗೆ ತನ್ನ ಅಂಗಡಿಯ ಪ್ಲಾಸ್ಟಿಕ್ ಬಣ್ಣವೇ ಆಗಬೇಕು ಎಂದು ಮೊದಲ ದಿನದಿಂದ ಬೆನ್ನು ಬಿದ್ದವನು.

"ನೀವೇ ಯಾಕಾಗಿರಬಾರದು?" ಎಂದಳು ಅಕ್ಕ.

"ಅಯ್ಯೋ, ನನ್ನ ಬಣ್ಣ ಆಗಿದ್ರೆ ಗೋಡೆ ಮುಂದೆ ಬೋರ್ಡ್ ನೆಡ್ತಿದ್ದೆ, ಅಂಗಡಿ ಫೋನ್ ನಂಬರ್ ಸಮೇತ. ಕದ್ದುಮುಚ್ಚಿ ವ್ಯಾಪಾರ ಮಾಡೋಕೆ ನನಗೇನು ಹುಚ್ಚಾ?"

ಅದೂ ನಿಜವೇ ಅನ್ನಿಸಿತು ಅಕ್ಕನಿಗೆ.

"ಆದ್ರೂ ಅಕ್ಕಾ, ಯಾರೋ ಪುಣ್ಯಾತ್ಮರು ಮಳೆಗೆ ಅಡ್ಡ ಕಟ್ಟಿದ್ದಾರೆ. ನೀವ್ಯಾಕೆ ಹೀಗೆ ಕುಣೀತೀರಿ?"

"ಮಳೆಕೋಟು ಹಾಕ್ಕೊಂಡು ಬಿಸಿಲಲ್ಲಿ ಒಂದು ಮೈಲಿ ಓಡಿ ನೋಡಿ. ಒಳಗಿನ ಅಂಗಿ ಏನಾಗತ್ತೆ?"

"ಬೆವರಿಗೆ ಒದ್ದೆ ಆಗತ್ತೆ."

"ಗೋಡೆಗೂ ಅಷ್ಟೇ. ನಲವತ್ತು ಜನ ಒಳಗೆ ಕೂತು ಬಾಯಿ ತೆಗೆದು ಹಾಡಿದ್ರೆ ಅವರ ಉಸಿರಿನ ಆವಿ ಗೋಡೆಗೇ ಹೋಗೋದು. ಸುಣ್ಣ ಹತ್ತಿ ಅಂಗಿ ಇದ್ದ ಹಾಗೆ. ಮಳೆ ಬಂದ್ರೆ ಸ್ವಲ್ಪ ಕುಡಿಯತ್ತೆ, ಬಿಸಿಲು ಬಂದ್ರೆ ಬಿಟ್ಟುಬಿಡತ್ತೆ. ಹೊರಗಡೆಯಿಂದ ಪೊರೆ ಎಳೆದ್ರೆ ಆವಿ ಎಲ್ಲಿಗೆ ಹೋಗಬೇಕು? ಹುಲ್ಲಲ್ಲೇ ಕೂತು ಕೊಳೆಸತ್ತೆ."

ಬಣ್ಣದಂಗಡಿಯವನು ತನ್ನ ಅಂಗಿಯ ಕಾಲರನ್ನು ಒಮ್ಮೆ ಎಳೆದು ನೋಡಿಕೊಂಡು, "ಒಳಗಿನ ಗೋಡೆಗಾದ್ರೂ ನನ್ನ ಬಣ್ಣ..." ಎಂದು ಶುರುಮಾಡಿದ. ಅಕ್ಕ ಗಾರೆ ಮೆತ್ತುವ ಕರಣೆ ಎತ್ತಿದಳು. ಕುತ್ತಿಗೆ ಬೇಲಿಯ ಹಿಂದೆ ಮುಳುಗಿತು.

ಅಕ್ಕ ತೇವ ಅಳೆಯಲೆಂದೇ ಗೋಡೆಯ ಕೆಳಗೆ ಬಿಟ್ಟಿದ್ದ ಕಿಂಡಿಯ ಮರದ ಬೆಣೆ ಕಿತ್ತು, ಮೀಟರಿನ ಉದ್ದನೆಯ ಕಡ್ಡಿಯನ್ನು ಹುಲ್ಲಿನೊಳಗೆ ತೂರಿಸಿದಳು. ಹದಿನೆಂಟು. ನಿನ್ನೆ ಹದಿನೇಳಿತ್ತು.



ಏನು ಬಳಿದಿದ್ದಾರೆ ಎಂಬುದು ಕಷ್ಟವಾಗಿರಲಿಲ್ಲ. ನಿನ್ನೆಯೇ ಮೂಗು ಹೇಳಿತ್ತು, ದೋಣಿಗೆ ಬಳಿಯುವ ವಾರ್ನಿಷ್. ಮೇಳದ ದಪ್ಪ ದನಿಯ ದೋಣಿಯಣ್ಣ, ಅಂದರೆ ದೋಣಿ ರಿಪೇರಿಯವನು, ತನ್ನ ಶೆಡ್ಡಿನಿಂದ ಒಂದು ಡಬ್ಬಿ ಕಾಣೆಯಾಗಿದೆ ಎಂದು ಸೋಮವಾರದಿಂದ ಗೊಣಗುತ್ತಿದ್ದ. ಆದರೆ ಆ ಶೆಡ್ಡಿಗೆ ಬಾಗಿಲೇ ಇಲ್ಲ. ಮೇಳದವರೆಲ್ಲ ಚಪ್ಪಲಿ ಬಿಡುವುದು ಅಲ್ಲೇ.

"ದೋಣಿಯಣ್ಣನೇ ಯಾಕಾಗಿರಬಾರದು?" ಎಂದರು ಯಜಮಾನರು. "ಡಬ್ಬಿ ಅವನದು. ಕಳೀತು ಅಂತ ತಾನೇ ಕೂಗಿದ್ರೆ ಯಾರೂ ಅನುಮಾನ ಪಡಲ್ಲ ನೋಡು."

"ಅವನು ದೋಣಿ ಬಳಿಯೋದು ನೋಡಿದ್ದೀರಾ? ಈ ತುದಿಯಿಂದ ಆ ತುದಿಗೆ ಒಂದೇ ಉಸಿರು. ಇಲ್ಲಿ ನೋಡಿ." ಅಕ್ಕ ಬಗ್ಗಿ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋದಳು. ಓರೆಯಾಗಿ ನೋಡಿದರೆ ಬ್ರಶ್ಶಿನ ಗೆರೆ ಎದ್ದು ಕಾಣುತ್ತಿತ್ತು. "ತುಂಡು ತುಂಡು. ಗಿಡ್ಡ, ಗಿಡ್ಡ, ಗಿಡ್ಡ, ಆಮೇಲೊಂದು ಉದ್ದ. ಮತ್ತೆ ಗಿಡ್ಡ, ಗಿಡ್ಡ, ಗಿಡ್ಡ, ಉದ್ದ. ಕೆಳಗೆಲ್ಲ ಹಳದಿ ಹಳದಿ ಸೋರಿದೆ. ಮೇಲೆ ಮಾತ್ರ ಒಂದು ಹನಿಯೂ ಇಳಿದಿಲ್ಲ. ಮೇಲಿಂದ ಶುರುಮಾಡಿ ಕೆಳಗೆ ಬರೋ ಹೊತ್ತಿಗೆ ಕೈ ಸೋತಿರಬೇಕು."

ಈ ಕೊನೆಯ ಮಾತು ತಪ್ಪು. ಅದು ಅಕ್ಕನಿಗೆ ಗೊತ್ತಾಗಲು ಇನ್ನೂ ಒಂದು ಗಂಟೆಯಿತ್ತು.

ಅಷ್ಟರಲ್ಲಿ ಒಳಗೆ ಮೇಳ ಗಂಟಲು ಬಿಸಿಮಾಡಿಕೊಳ್ಳಲು ಶುರುಮಾಡಿತು. ಪ್ರತಿ ಬೆಳಗ್ಗೆ ಅದೇ ಪಾಠ, ತಂಗಿಯೇ ಕಟ್ಟಿದ್ದು.

"ಲಾ, ಲಾ, ಲಾ, ಲಾಆಆಆ."

ಅಕ್ಕನ ಬೆರಳು ಗೋಡೆಯ ಮೇಲೆ ನಿಂತಿತು.

"ಲಾ, ಲಾ, ಲಾ, ಲಾಆಆಆ."

ಗಿಡ್ಡ, ಗಿಡ್ಡ, ಗಿಡ್ಡ, ಉದ್ದ.

"ಅಯ್ಯೋ ನನ್ನ ಕರ್ಮವೇ," ಎಂದಳು ಅಕ್ಕ ಮೆಲ್ಲಗೆ. "ಮಗುನ ಕಂಕುಳಲ್ಲಿ ಇಟ್ಕೊಂಡು ಊರೆಲ್ಲಾ ಹುಡುಕಿದೆ!"

"ಯಾವ ಮಗು?" ಎಂದರು ಯಜಮಾನರು.

"ನೀವು ಸುಮ್ನೆ ಒಳಗೆ ಹೋಗಿ ನನ್ನ ತಂಗಿನ ಕಳಿಸಿ. ಆಮೇಲೆ ಎಲ್ರಿಗೂ ಚಹಾ ಕೊಟ್ಟು ಬನ್ನಿ. ಫಾರಂ ಎಲ್ಲಿ? ಬರೆಯೋಕೆ ಶುರುಮಾಡ್ತೀನಿ."

ಯಜಮಾನರು ಅಂಗಿಯ ಜೇಬು ತಟ್ಟಿದರು, ಪ್ಯಾಂಟಿನ ಜೇಬು ತಟ್ಟಿದರು. "ಮನೇಲೇ ಬಿಟ್ಟು ಬಂದೆ ಅನ್ಸತ್ತೆ ಕಣೇ."

"ನಿಮ್ಮ ತಲೆನೂ ಅಲ್ಲೇ ಬಿಟ್ಟು ಬಂದಿದ್ದೀರಿ."

ಎಂದಿನ ಹಾಗೆ ಮಾತಿಗೆ ಮಾತು ಬೆಳೆಸದೆ ಯಜಮಾನರು ಒಳಗೆ ಹೋದರು. ಅದೂ ಒಂದು ಆಶ್ಚರ್ಯವೇ. ಆದರೆ ಅಕ್ಕನ ಗಮನ ಬೇರೆ ಕಡೆ ಇತ್ತು.

ತಂಗಿ ಓಡುತ್ತಲೇ ಬಂದಳು. ಗಿಡ್ಡನೆಯ, ದುಂಡನೆಯ, ನಿಂತಲ್ಲಿ ನಿಲ್ಲದ ಹೆಂಗಸು. ಮಾತಾಡುವಾಗಲೂ ಒಂದು ಕೈ ಗಾಳಿಯಲ್ಲಿ ತಾಳ ಹಾಕುತ್ತಿತ್ತು. "ಏನಕ್ಕಾ? ಬೇಗ ಹೇಳು. ದೋಣಿಯಣ್ಣನ ಕೈಗೆ ಮೇಳ ಕೊಟ್ಟು ಬಂದಿದ್ದೀನಿ. ಎಲ್ಲರನ್ನೂ ಅವನ ದನಿಗೆ ಇಳಿಸಿಬಿಡ್ತಾನೆ."

"ಏನಿಲ್ಲ ಕಣೇ. ಈ ಹಲಗೆಗೆ ಒಂಚೂರು ತಿಳಿಸುಣ್ಣ ಬಳಿ. ಬಿಸಿಲಲ್ಲಿ ಹೇಗೆ ಒಣಗತ್ತೆ ನೋಡಬೇಕು. ನನ್ನ ಕೈ ಒದ್ದೆ."

"ಅಷ್ಟೇನಾ? ಕೊಡು." ತಂಗಿ ಬ್ರಶ್ಶು ಅದ್ದಿದಳು. ಒಳಗಿನಿಂದ ಮೇಳದ ದನಿ ಬರುತ್ತಲೇ ಇತ್ತು. ತಂಗಿಯ ತಲೆ ಅದಕ್ಕೆ ಸರಿಯಾಗಿ ಆಡಿತು, ತಲೆಯ ಹಿಂದೆ ಭುಜ, ಭುಜದ ಹಿಂದೆ ಕೈ.

ಸರ್ರ್, ಸರ್ರ್, ಸರ್ರ್, ಸರ್‍ರ್‍ರ್‍ರ್.

ಅಕ್ಕ ಹಲಗೆ ಎತ್ತಿಕೊಂಡು ಹೋಗಿ ಗೋಡೆಗೆ ಒರಗಿಸಿದಳು. ಹಲಗೆಯ ಗೆರೆ, ಗೋಡೆಯ ಗೆರೆ. ಒಂದೇ ತಾಯಿಯ ಮಕ್ಕಳ ಮುಖದಂತಿದ್ದವು.

"ಏನಂತೀಯ?"

"ನಾನೇನು ಅನ್ನಲಿ? ಚೆನ್ನಾಗಿದೆ. ನೆಟ್ಟಗೆ ಬಂದಿದೆ." ತಂಗಿಯ ತಾಳದ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನಿನ್ನೂ ಕಳ್ಳ ಅಂತ ಬಾಯೇ ಬಿಟ್ಟಿಲ್ಲ, ನೀನಾಗಲೇ ಕೈ ಬಚ್ಚಿಡ್ತಿದ್ದೀಯ. ತೋರಿಸು ಉಗುರು."

ತಂಗಿ ಕೈ ಮುಂದೆ ತಂದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಗೆರೆ. ವಾರ್ನಿಷ್ ಸೋಪಿಗೆ ಹೋಗುವುದಿಲ್ಲ.

"ಅಕ್ಕಾ..."

"ಯಾಕೆ ಮಾಡಿದೆ?"

"ಶನಿವಾರ ರಾತ್ರಿಯಿಂದ ಭಾನುವಾರದವರೆಗೂ ಮಳೆ ಹೊಡೀತಲ್ಲ. ಬಂದು ನೋಡಿದ್ರೆ ಗೋಡೆ ಕಪ್ಪಾಗಿತ್ತು! ಕೆಳಗಿಂದ ಸೊಂಟದವರೆಗೂ ನೆಂದ ಗೋಣಿಚೀಲದ ಹಾಗೆ. ನನ್ನ ಎದೆ ಧಸಕ್ ಅಂತು. ಗಾರೆ ಕೈಕೊಡ್ತು, ಹುಲ್ಲು ಕೊಳೀತು ಅಂದ್ಕೊಂಡೆ. ನೀನು ಬೇರೆ ಎಲ್ಲರ ಮುಂದೆ ಮಾತು ಕೊಟ್ಟಿದ್ದೆ. ನನ್ನ ಮನೆ ಹೋದ್ರೆ ಹೋಗಲಿ, ನಿನ್ನ ಹೆಸರು ಹೋದ್ರೆ?" ತಂಗಿಯ ಕಣ್ಣು ತುಂಬಿತು. "ದೋಣಿ ನೀರಲ್ಲೇ ಇದ್ರೂ ಕೊಳೆಯಲ್ಲ ನೋಡು. ಅದಕ್ಕೇ ಸೋಮವಾರ ಬೆಳಗ್ಗೆ ಬೇಗ ಬಂದು..."

  ಅಕ್ಕನಿಗೆ ನಗು ಎಲ್ಲಿಂದ ಬಂತೋ, ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೆ ಕೂತೇಬಿಟ್ಟಳು.

"ಸುಣ್ಣ ನೆಂದ್ರೆ ಕಪ್ಪಾಗತ್ತೆ ಕಣೇ ಪೆದ್ದಿ! ಒಣಗಿದ್ರೆ ಬೆಳ್ಳಗಾಗತ್ತೆ! ಒಂದೇ ಒಂದು ದಿನ ಸುಮ್ಮನಿದ್ದಿದ್ರೆ ಅದರ ಪಾಡಿಗೆ ಅದು ಒಣಗ್ತಿತ್ತು. ನೀನು ನೆಂದ ಗೋಡೆಗೇ ಮಳೆಕೋಟು ತೊಡಿಸಿ ಗುಂಡಿ ಹಾಕಿಬಿಟ್ಟೆ!"

"ನಿನ್ನೆನೇ ಹೇಳೋಣ ಅಂತಿದ್ದೆ. ನೀನು, 'ಮಾಡಿದೋರನ್ನ ಸುಣ್ಣದ ಗುಂಡಿಗೆ ಹಾಕಿ ಕಲಸ್ತೀನಿ' ಅಂದೆಯಲ್ಲ!"

"ಕಲಸ್ತೀನಿ. ಭಾನುವಾರ ಹಾಡು ಮುಗೀಲಿ."

ತಂಗಿಯೂ ಅಳುತ್ತಲೇ ನಗತೊಡಗಿದಳು. "ಅಪ್ಪ ಗಾರೆ ಕಲಿಸಿದ್ದು ನಿನಗೂ ಅಣ್ಣನಿಗೂ. ನನಗೇನು ಗೊತ್ತು ಸುಣ್ಣದ ಬುದ್ಧಿ?"

ಅಣ್ಣ ಎಂಬ ಮಾತು ಕೇಳಿದ್ದೇ ಅಕ್ಕನ ನಗು ಅರ್ಧಕ್ಕೆ ನಿಂತಿತು. ಅವಳು ಎದ್ದು ಮರಳು ಕೊಡವಿಕೊಂಡಳು.

"ಅವನ ಸುದ್ದಿ ಬೇಡ. ಬಾ, ಕೆಲಸ ನೋಡೋಣ."

ಬಿಸಿಗಾಳಿ ಊದುವ ಮೆಷೀನನ್ನು ಹಚ್ಚಿ ಅಂಗೈಯಗಲದ ಜಾಗಕ್ಕೆ ಹಿಡಿದಳು. ವಾರ್ನಿಷ್ ಮೊದಲು ನಡುಗಿತು, ಆಮೇಲೆ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಕರಣೆಯ ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಪೊರೆ ಪೊರೆಯಾಗಿ ಬಂತು. ತಂತಿ ಬ್ರಶ್ಶಿನಿಂದ ನಾಲ್ಕು ಸಲ ಉಜ್ಜಿ, ಬಾಟಲಿ ಎತ್ತಿ ನೀರು ಚಿಮುಕಿಸಿದಳು.

ಹನಿ ಬಿತ್ತು. ಒಂದು ಕ್ಷಣ ನಿಂತಿತು. ಆಮೇಲೆ ಸುರ್ರನೆ ಒಳಗೆ ಇಳಿದು ಗೋಡೆ ಕಪ್ಪಾಯಿತು.

"ಕುಡೀತು!" ತಂಗಿ ಎರಡಡಿ ಮೇಲಕ್ಕೆ ಹಾರಿದಳು. "ಅಕ್ಕಾ, ಕುಡೀತು!"

"ಕುಡಿಯದೇ ಏನು? ನಾಲ್ಕು ದಿನದಿಂದ ಬಾಯಾರಿದೆ." ಅಕ್ಕನ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಚಹಾ ಆದ ಮೇಲೆ ನಲವತ್ತು ಜನಾನೂ ಹೊರಗೆ ಕರಿ. ಹಾಡ್ತಾ ಹಾಡ್ತಾ ಕೆರೀಲಿ. ಸಂಜೆಯೊಳಗೆ ಕೆಳಗಿನದೆಲ್ಲ ಕಿತ್ತು ಹಾಕೋಣ. ನಾಳೆ ಬಿಸಿಲು, ಆಮೇಲೆ ತೆಳ್ಳಗೆ ಸುಣ್ಣ. ಶನಿವಾರಕ್ಕೆ ಮೀಟರು ಹದಿನಾರಕ್ಕಾದ್ರೂ ಇಳಿಯತ್ತೆ. ಫಾರಂಗೆ ನೀನು ಸಹಿ ಹಾಕು. ವಾರ್ನಿಷ್ ಬಳಿದಿದ್ದೂ ನಾನೇ, ತೆಗೆದಿದ್ದೂ ನಾನೇ ಅಂತ."

"ಹತ್ತು ಸಹಿ ಹಾಕ್ತೀನಿ!"

ಅಷ್ಟರಲ್ಲಿ ಯಜಮಾನರು ಖಾಲಿ ತಟ್ಟೆ ಹಿಡಿದು ಹೊರಗೆ ಬಂದರು. "ನಲವತ್ತು ಲೋಟ ತುಂಬಿಸಿದ್ದೆ ಕಣೇ. ಒಂದು ಕಡಿಮೆ ಬಿತ್ತು. ದೋಣಿಯಣ್ಣನಿಗೆ ಇಲ್ಲದೇ ಹೋಯ್ತು."

"ಅದು ಹೇಗೆ ಕಡಿಮೆ ಬೀಳತ್ತೆ?" ಎಂದಳು ತಂಗಿ. "ನಾನು ಇಲ್ಲಿದ್ದೀನಿ. ಒಳಗಿರೋರು ನಲವತ್ತೇ ಜನ, ಬಾಗಿಲಲ್ಲೇ ಎಣಿಸಿದ್ದೀನಿ."

"ಇನ್ನೇನು, ದಾರೀಲಿ ಇವರೇ ಒಂದು ಏರಿಸಿದ್ದಾರೆ," ಎಂದಳು ಅಕ್ಕ. "ಸಕ್ಕರೆ ಕಾಯಿಲೆ ಇಟ್ಕೊಂಡು!"

"ಹೂಂ. ನಾನೇ ಕುಡಿದೆ."

ಅಕ್ಕ ಹುಬ್ಬೇರಿಸಿದಳು. ಮೀಸೆಗೆ ಸಕ್ಕರೆ ಅಂಟಿದ್ದಾಗಲೂ ಒಪ್ಪಿಕೊಳ್ಳದ ಮನುಷ್ಯ ಇವತ್ತು ಕೇಳಿದ ಕೂಡಲೇ ಒಪ್ಪಿಕೊಂಡರಲ್ಲ!

ಆದರೆ ಅವಳ ಮನಸ್ಸು ಗೋಡೆಯ ಮೇಲಿತ್ತು. "ಸರಿ, ಕೆಳಗಿನದು ಆಯ್ತು. ಮೇಲಿನದಕ್ಕೆ ಏಣಿ ಬೇಕು. ಅಂದಹಾಗೆ ನೀನು ಏಣಿ ಎಲ್ಲಿಂದ ತಂದೆ?"

"ಯಾವ ಏಣಿ?" ಎಂದಳು ತಂಗಿ.

"ಸೂರಿನವರೆಗೂ ಬಳಿದಿದ್ದೀಯಲ್ಲ, ಅದಕ್ಕೆ."

"ನಾನಾ? ಅಕ್ಕಾ, ನನಗೆ ಸ್ಟೂಲ್ ಹತ್ತಿದ್ರೇ ತಲೆ ತಿರುಗತ್ತೆ. ಕೈ ಎಟುಕಿದಷ್ಟು ಬಳಿದೆ, ಅಷ್ಟೇ. ಮೇಲಿನದು ನಾನಲ್ಲ."

ಒಳಗೆ ಮೇಳ ದೋಣಿಯಣ್ಣನ ದನಿಗೆ ಇಳಿದುಬಿಟ್ಟಿತ್ತು. ಹೊರಗೆ ಅಕ್ಕ ತಲೆಯೆತ್ತಿ ಸೂರಿನವರೆಗೂ ನೋಡಿದಳು.

"ಏನ್ರೀ," ಎಂದಳು ಅಕ್ಕ, "ಬೆಳಗ್ಗೆ ಮನೆಯಿಂದ ತಂದ ನಮ್ಮ ಏಣಿ ಇಲ್ಲಿ ಇಡಿ."

"ಇಲ್ಲಿ ಬೇಡ ಕಣೇ. ಆ ಮೂಲೇಲಿ ಇಡೋಣ. ಅಲ್ಲಿ ನೆಲ ಗಟ್ಟಿ."

"ಕಿಂಡಿ ಇರೋದು ಇಲ್ಲಿ. ಮೂಲೇಲಿ ನಿಂತು ನಾನೇನು ಹಾಡು ಹೇಳಲಾ?"

ಯಜಮಾನರು ಏಣಿ ತಂದು ಮರಳಿನ ಮೇಲೆ ಊರಿದರು. ಅಕ್ಕ ಮೊದಲ ಮೆಟ್ಟಿಲಿಗೆ ಕಾಲಿಟ್ಟವಳು ಹಾಗೆಯೇ ಕೆಳಗೆ ನೋಡಿದಳು.

ಅವಳ ಏಣಿಯ ಎಡಗಾಲು ಬೋಳು. ಬಲಗಾಲು ಜಾರುತ್ತದೆಂದು ಅವಳೇ ಹಳೆಯ ಸೈಕಲ್ ಟೈರಿನ ತುಂಡು ಕಟ್ಟಿದ್ದಳು. ಈಗ ಊರಿದ ಗುರುತಿನಿಂದ ಒಂದು ಗೇಣು ಆಚೆ, ಸೂರಿನ ನೆರಳಲ್ಲಿ, ಇನ್ನೊಂದು ಜೊತೆ ಗುರುತು ಇತ್ತು. ಒಂದು ಬೋಳು, ಒಂದರಲ್ಲಿ ಟೈರಿನ ಗೀರು.

ಕೆಲಸದ ಹೊತ್ತಿನದು ಇರಬಹುದೇ? ಇಲ್ಲ. ಮಳೆನೀರು ಗೋಡೆಗೆ ಎರಚದಿರಲೆಂದು ಬುಡಕ್ಕೆ ಮರಳು ಹಾಸಿದ್ದು ಎಲ್ಲದರ ಕೊನೆಗೆ, ಮೂರು ವಾರದ ಹಿಂದೆ. ಏಣಿ ಅದಕ್ಕೂ ಮೊದಲೇ ಮನೆಗೆ ಹೋಗಿತ್ತು, ಸರಪಳಿ ಹಾಕಿ ಬೀಗ ಜಡಿಸಿಕೊಂಡು. ಬೀಗಕ್ಕೆ ಎರಡು ಕೀ. ಒಂದು ಅಕ್ಕನ ಸೊಂಟದಲ್ಲಿ.

ಅವಳು ಏಣಿ ಹತ್ತಿದಳು.

ಮೇಲಿನ ಕಿಂಡಿಯ ಬೆಣೆ ಕಿತ್ತು ಮೀಟರು ತೂರಿಸಿದಳು. ಮುಳ್ಳು ಅಲುಗಿ ನಿಂತಿತು. ಹನ್ನೆರಡು.

ಹನ್ನೆರಡು! ಹುಲ್ಲು ಬೆಂಕಿಪೊಟ್ಟಣದಷ್ಟು ಒಣಗಿತ್ತು. ನೀರು ಎರಚಿದರೆ ಹನಿ ಗುಂಡಗೆ ಉರುಳಿ ಹೋಗುತ್ತಿತ್ತು, ಆದರೂ ಗೋಡೆ ಉಸಿರಾಡುತ್ತಿತ್ತು. ವಾರ್ನಿಷ್ಷಿನ ವಾಸನೆ ಇಲ್ಲ. ಪೊರೆ ಇಲ್ಲ, ಬ್ರಶ್ಶಿನ ಗೆರೆ ಇಲ್ಲ, ಹಳದಿ ಇಲ್ಲ. ಅಕ್ಕ ಮೂಗು ಹಚ್ಚಿದಳು, ಬಟ್ಟೆ ಸೋಪಿನ ಸಣ್ಣ ವಾಸನೆ. ನಾಲಿಗೆಯ ತುದಿ ಹಚ್ಚಿದಳು.

ಒಗರು. ಕ್ಷೌರದಂಗಡಿಯ ಪಟಿಕ.

 ಮೊದಲು ಸೋಪಿನ ನೀರು, ಅದು ಆರಿದ ಮೇಲೆ ಪಟಿಕದ ನೀರು, ಮತ್ತೆ ಸೋಪು, ಮತ್ತೆ ಪಟಿಕ. ಹೊರಗಿನ ಮಳೆಯನ್ನು ತಡೆದು ಒಳಗಿನ ಆವಿಯನ್ನು ಬಿಟ್ಟುಕೊಡುವ ಅಪ್ಪನ ಹದ. ಅಪ್ಪ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಕಲಿಸಿದ್ದು ಇಬ್ಬರಿಗೆ. ಅವಳ ಕೈಗೆ ಅದು ಎಂದೂ ಕೂಡಿಬಂದಿರಲಿಲ್ಲ, ಎಷ್ಟು ಸಲ ಮಾಡಿದರೂ ಬಿಳಿ ಬಿಳಿ ಕಲೆ ಏಳುತ್ತಿತ್ತು. ಅದಕ್ಕೇ ಈ ಗೋಡೆಗೂ ಅವಳು ಅದನ್ನು ಹಚ್ಚುವ ಧೈರ್ಯ ಮಾಡಿರಲಿಲ್ಲ.

ಇಲ್ಲಿ ಒಂದೇ ಒಂದು ಕಲೆ ಇಲ್ಲ. ಈ ಕೈ ಅವಳ ತಮ್ಮನದು, ತಂಗಿಯ ಅಣ್ಣನದು.

ಹನ್ನೊಂದು ವರ್ಷವಾಗಿತ್ತು. ಇಬ್ಬರೂ ಸೇರಿ ಕಟ್ಟಿದ ಮೊದಲ ಹುಲ್ಲಿನ ಮನೆಯ ಗಾರೆಯೊಳಗೆ ಯಾರೋ ಸಿಮೆಂಟ್ ಬೆರೆಸಿದ್ದರು. ಗೋಡೆ ಉಸಿರುಗಟ್ಟಿ ಒಂದೇ ಮಳೆಗಾಲಕ್ಕೆ ಒಳಗಿನ ಹುಲ್ಲೆಲ್ಲ ಕೊಳೆತು ನಾರಿತ್ತು. ಗಾರೆಯ ಮೂಟೆ ತಂದು ಹಾಕಿದ್ದು ರಜೆಯ ದಿನ ಬಂದಿದ್ದ ಯಜಮಾನರು, ಗಾರೆ ಕಲಸಿದ್ದು ತಮ್ಮ. ಅಕ್ಕ ಕೇಳಲೂ ಇಲ್ಲ, ಕೆಲಸದವರೆಲ್ಲರ ಮುಂದೆ ತಮ್ಮನ ಮೇಲೆ ಎರಗಿದ್ದಳು. "ಅಪ್ಪನ ಹೆಸರು ಹಾಳುಮಾಡಿದೆ" ಎಂದಿದ್ದಳು. ತಮ್ಮ ಕರಣೆಯನ್ನು ಅವಳ ಕಾಲ ಬಳಿ ಇಟ್ಟು ಹೋದವನು ತಿರುಗಿ ನೋಡಿರಲಿಲ್ಲ. ಅವಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕರಣೆ ಇವತ್ತಿಗೂ ಅದೇ.

ಏಣಿ ಇಳಿಯುವಾಗ ಅಕ್ಕನ ಕಣ್ಣು ಮಂಜಾಗಿತ್ತು. ಸಿಟ್ಟಿಗೆ ಅಲ್ಲ. ಬದುಕಿದ್ದಾನೆ, ಇದೇ ಊರಿನಲ್ಲಿ ಇದ್ದಾನೆ, ಅವಳ ಗೋಡೆಗೆ ಕೈ ಹಚ್ಚಿದ್ದಾನೆ! ಹಾರಬೇಕು ಅನ್ನಿಸುವಷ್ಟು ಖುಷಿ.

"ಏನ್ರೀ," ಎಂದಳು. "ಏಣಿಯ ಇನ್ನೊಂದು ಕೀ ಎಲ್ಲಿ?"

ಯಜಮಾನರು ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಮಂಗಳವಾರ ಕೊಟ್ಟೆ. ಯಾರಿಗೆ ಅಂತ ಮಾತ್ರ ಕೇಳಬೇಡ ಕಣೇ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ನೀವು ಹೇಳಬೇಕಾಗಿಲ್ಲ. ಗೋಡೆ ಹೇಳ್ತು. ನನಗೆ ಅವನ ಸಹಿ ಬೇಕು. ಇಲ್ಲದಿದ್ರೆ ಹನ್ನೆರಡಲ್ಲ, ಸೊನ್ನೆ ತೋರಿಸಿದ್ರೂ ಇಂಜಿನಿಯರು ಗೋಡೆ ಕೆಡವಿಸ್ತಾರೆ. ಎಲ್ಲಿದ್ದಾನೆ ಅವನು?"

 ಯಜಮಾನರ ಕಣ್ಣು ಕೈಯಲ್ಲಿದ್ದ ಖಾಲಿ ತಟ್ಟೆಯ ಮೇಲೆ ಹೋಯಿತು.

ನಲವತ್ತು ಜನ. ನಲವತ್ತು ಲೋಟ. ಒಂದು ಕಡಿಮೆ.

"ಅಣ್ಣ ಒಳಗಿದ್ದಾನಾ?" ಎಂದು ಕಿರುಚಿದಳು ತಂಗಿ.

ಅದೇ ಹೊತ್ತಿಗೆ ಹಾಡುಮನೆಯ ಹಿಂಬಾಗಿಲು ಕಿರ್ ಎಂದಿತು.

ಐವತ್ತೆಂಟರ ಕರಣೆಯಕ್ಕ ಓಡಿದ ಓಟಕ್ಕೆ ಬೇಲಿಯ ಹಿಂದಿನ ಕುತ್ತಿಗೆ ಮತ್ತೆ ಮೇಲೆದ್ದಿತು. ಅವಳು ಮೂಲೆ ತಿರುಗಿದಾಗ ಹಿಂಬಾಗಿಲು ಇನ್ನೂ ಆಡುತ್ತಿತ್ತು. ದಾರಿಯ ಎರಡೂ ಕಡೆ ಯಾರೂ ಇರಲಿಲ್ಲ.

ಮೆಟ್ಟಿಲ ಮೇಲೆ ಅರ್ಧ ಕುಡಿದ ಚಹಾದ ಲೋಟವಿತ್ತು. ಇನ್ನೂ ಆವಿಯಾಡುತ್ತಿತ್ತು. ಲೋಟದ ಕೆಳಗೆ ಮಡಿಚಿಟ್ಟ ಕಾಗದ. ಬಿಡಿಸಿದರೆ ತಪಾಸಣೆಯ ಫಾರಂ, ಯಜಮಾನರು ಮನೆಯಲ್ಲಿ ಬಿಟ್ಟು ಬಂದೆ ಎಂದಿದ್ದ ಅದೇ ಫಾರಂ. ಮೇಲಿನ ಅರ್ಧ ಗೋಡೆಯ ಸಾಲಿನಲ್ಲಿ ಅಪ್ಪನಂತೆಯೇ ಎಡಕ್ಕೆ ವಾಲುವ ಅಕ್ಷರದಲ್ಲಿ "ಸೋಪು, ಪಟಿಕ, ಎರಡು ಸುತ್ತು" ಎಂದು ಬರೆದಿತ್ತು.

ಸಹಿಯ ಜಾಗದಲ್ಲಿ ಸಹಿ ಇರಲಿಲ್ಲ. ಪೆನ್ಸಿಲಿನಲ್ಲಿ ಎರಡೇ ಸಾಲು.

"ಅವತ್ತು ಸಿಮೆಂಟ್ ಬೆರೆಸಿದ್ದು ನಾನಲ್ಲ ಅಕ್ಕ. ಯಾರು ಅಂತ ನಿನಗೆ ಗೊತ್ತಾದ ದಿನ ಬಂದು ಸಹಿ ಹಾಕ್ತೀನಿ, ಭಾವನ್ನ ಕೇಳು."

ಅಕ್ಕ ಮೆಲ್ಲಗೆ ಹಿಂದಕ್ಕೆ ತಿರುಗಿದಳು.

ಮೂಲೆಯಲ್ಲಿ ಯಜಮಾನರು ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ.